ಲಾಗರಿತಮ್ಮಿನ ವಿಷಯದಲ್ಲಿ ಕೆಲವು ಭ್ರಾಂತಿಗಳು

ಕಲನಶಾಸ್ತ್ರವನ್ನು ಅಭ್ಯಸಿಸುವವರಲ್ಲಿ ಬಹುಮಂದಿ, ಘಾತಾಂಕಕ್ಕೆ ಒಂದನ್ನು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸುವ ಅನುಕಲನಸೂತ್ರವು ಎಕ್ಸ್‌ನ ವ್ಯುತ್ಕ್ರಮದ ಮುಂದೆ, ಸೊನ್ನೆಯಿಂದ ಭಾಗಿಸಬೇಕಾಗಿ ಬಂದು, ನಿಂತುಹೋದಾಗ, ಆ ತೆರಪನ್ನು ಮುಚ್ಚುವುದಕ್ಕೆಂದೇ ಲಾಗರಿತಮ್ಮನ್ನು ಎಲ್ಲಿಂದಲೋ ಕರೆತಂದರೆಂದು ತಿಳಿದು, ಅದನ್ನೊಂದು ಅಪವಾದವೆಂದು ಕಂಠಪಾಠ ಮಾಡಿ ಮುಂದೆ ಸಾಗುತ್ತಾರೆ. ಮೊದಲು ‘ಇ’ ಎಂಬ ಸಂಖ್ಯೆ ಹುಟ್ಟಿತು, ಆಮೇಲೆ ಅದರ ಘಾತದಿಂದ ಲಾಗರಿತಮ್ ಬಂದಿತು ಎಂಬ ನಂಬಿಕೆಯೂ ಇದರ ಜತೆಯದೇ.

ನಡೆದದ್ದು ಇದಕ್ಕೆ ವಿಪರೀತ. ನೇಪಿಯರನು 1614ರಲ್ಲಿ ತನ್ನ ಲಾಗರಿತಮ್ ಕೋಷ್ಟಕಗಳನ್ನು ಪ್ರಕಟಿಸಿದಾಗ ‘ಇ’ ಎಂಬ ಸಂಕೇತವಾಗಲಿ, ಆಧಾರಸಂಖ್ಯೆಯೆಂಬ ಭಾವನೆಯಾಗಲಿ ಇರಲಿಲ್ಲ. ಆಯ್ಲರನು ಆ ಅಕ್ಷರವನ್ನು ಅಚ್ಚಿನಲ್ಲಿ ಬಳಸಿದ್ದು 1736ರಲ್ಲಿ. ನಡುವೆ, 1647ರಲ್ಲಿ, ಸೇಂಟ್ ವಿನ್ಸೆಂಟನ ಗ್ರೆಗರಿ ಎಂಬ ಜೆಸೂಯಿಟ್ ಪಾದ್ರಿಯು ಎಕ್ಸ್‌ನ ವ್ಯುತ್ಕ್ರಮದ ವಕ್ರವಾದ ಅತಿಪರವಲಯದ ಕೆಳಗಿನ ಕ್ಷೇತ್ರಫಲವನ್ನು ಕುರಿತು ಬರೆದದ್ದರಲ್ಲಿ ಈ ಮರ್ಮವು ಅಡಗಿತ್ತು. ಒಂದರಿಂದ ಎರಡರವರೆಗಿನ ಪಟ್ಟಿಯನ್ನು ಅಗಲದಲ್ಲಿ ಇಮ್ಮಡಿಸಿ ಎತ್ತರದಲ್ಲಿ ಅರ್ಧಕ್ಕಿಳಿಸಿದರೆ, ಅದೇ ಎರಡರಿಂದ ನಾಲ್ಕರವರೆಗಿನ ಪಟ್ಟಿಯಾಗುತ್ತದೆ. ಒಂದೊಂದರ ಕ್ಷೇತ್ರಫಲವೂ ಸುಮಾರು 0.693. ಎರಡನ್ನು ಎರಡರಿಂದ ಗುಣಿಸಿದಲ್ಲಿ ಕ್ಷೇತ್ರಫಲಗಳು ಕೂಡಿಕೊಂಡವು. ಗುಣಾಕಾರವನ್ನು ಸಂಕಲನವಾಗಿಸುವ ಈ ಗುಣವೇ ಲಾಗರಿತಮ್ಮೆಂದು ಗಣಿತಜ್ಞ ಸಾರಾಸನು 1649ರಲ್ಲಿ ಗುರುತಿಸಿದನು. ಒಂದರಿಂದ ಅಳೆದ ಕ್ಷೇತ್ರಫಲವು ಸರಿಯಾಗಿ ಒಂದಾಗುವ ಎಡೆಯೇ ‘ಇ’, ಸುಮಾರು 2.718. ಅಪವಾದವೆಂದು ಬದಿಗಿಟ್ಟದ್ದು ವಾಸ್ತವದಲ್ಲಿ ಮೂಲವಸ್ತುವೇ ಆಗಿದೆ.

ಘಾತಾಂಕವೇ ಚಲಿಸುವ ‘ಇ’ಯ ಘಾತಕ್ಕೆ, ಘಾತಾಂಕವನ್ನು ಮುಂದಿಳಿಸುವ ಹಳೆಯ ಅವಕಲನಸೂತ್ರವನ್ನೇ ಹಚ್ಚುವುದು ಇನ್ನೊಂದು ಪ್ರಮಾದ; ಆ ಸೂತ್ರ ಸ್ಥಿರ ಘಾತಾಂಕಕ್ಕೆ ಮಾತ್ರ ಸಲ್ಲುತ್ತದೆ.

ಸೈನ್‌ನ ತಲೆಯ ಮೇಲೆ ಪ್ರತಿಲೋಮದ ಗುರುತಾಗಿ ಬರೆಯುವ ಋಣ ಒಂದನ್ನು ವ್ಯುತ್ಕ್ರಮವೆಂದು ಓದುವವರಿಗಂತೂ ಲೆಕ್ಕವಿಲ್ಲ. ಅರ್ಧದ ಪ್ರತಿಲೋಮ ಸೈನ್ 30 ಅಂಶ, ಎಂದರೆ ಸುಮಾರು 0.524 ರೇಡಿಯನ್, ಅರ್ಧ ರೇಡಿಯನ್ನಿನ ಸೈನ್‌ನ ವ್ಯುತ್ಕ್ರಮವೋ 2.086. ದೋಷವನ್ನು ವಿದ್ಯಾರ್ಥಿಯ ಮೇಲೆಯೇ ಹೊರಿಸಲಾಗದು. 1813ರಲ್ಲಿ ಜಾನ್ ಹರ್ಷೆಲ್ ಬಳಕೆಗೆ ತಂದ ಈ ಸಂಕೇತವೇ ದಾರಿತಪ್ಪಿಸುವಂಥದು.

ಲಾಗರಿತಮ್ಮಿನಂತೆಯೇ ಈ ಪ್ರತಿಲೋಮಗಳ ಮೂಲವೂ ಕ್ಷೇತ್ರಫಲದಲ್ಲಿಯೇ ಇದೆ. ಒಂದನ್ನು, ಒಂದು ಮತ್ತು ಎಕ್ಸ್‌ನ ವರ್ಗಗಳ ಮೊತ್ತದಿಂದ ಭಾಗಿಸಿದ ವಕ್ರದ ಕೆಳಗೆ ಸೊನ್ನೆಯಿಂದ ಅಳೆದ ಕ್ಷೇತ್ರಫಲವೇ ಪ್ರತಿಲೋಮ ಟ್ಯಾನ್. ಆ ಭಾಗಾಕಾರವನ್ನು ಶ್ರೇಢಿಯಾಗಿ ಬಿಡಿಸಿ ಸೊನ್ನೆಯಿಂದ ಒಂದರವರೆಗೆ ಪದಪದವಾಗಿ ಅನುಕಲಿಸಿದರೆ ಪೈಯ ಕಾಲುಭಾಗವು ಒಂದು, ಅದರಿಂದ ಕಳೆದ ಮೂರನೆಯ ಒಂದು, ಕೂಡಿಸಿದ ಐದನೆಯ ಒಂದು ಎಂದು ಹೊರಡುತ್ತದೆ. ಇದನ್ನು ಜೇಮ್ಸ್ ಗ್ರೆಗರಿ ಮತ್ತು ಲೈಬ್ನಿಟ್ಸರೇ ಮೊದಲು ಕಂಡರೆಂಬ ಪ್ರತೀತಿಯೂ ಸಾಧುವಲ್ಲ. ಅವರಿಗಿಂತ ಸುಮಾರು ಮೂರು ಶತಮಾನ ಮೊದಲೇ ಕೇರಳದ ಸಂಗಮಗ್ರಾಮದ ಮಾಧವನಿಗೆ ಅದು ಗೊತ್ತಿತ್ತು, ಮತ್ತು ಜ್ಯೇಷ್ಠದೇವನು ತನ್ನ ಮಲಯಾಳ ಗ್ರಂಥ ‘ಯುಕ್ತಿಭಾಷೆ’ಯಲ್ಲಿ ಅದರ ಉಪಪತ್ತಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ.