ಋತುಬಂಧವೂ ಜೋಡಿ ಹಾರ್ಮೋನುಗಳೂ

ನಡುವಯಸ್ಸು ದಾಟುತ್ತಿರುವಂತೆ ಹೆಣ್ಣಿನ ಅಂಡಾಶಯಗಳು ತಮ್ಮ ಕೆಲಸವನ್ನು ಮುಗಿಸಿ ವಿಶ್ರಾಂತಿ ಪಡೆಯುತ್ತವೆ. ಸತತವಾಗಿ ೧೨ ತಿಂಗಳು ಮುಟ್ಟು ಕಾಣದಿದ್ದರೆ ಋತುಬಂಧವಾಯಿತೆಂದು ವೈದ್ಯರು ನಿರ್ಣಯಿಸುತ್ತಾರೆ. ಇದು ರೋಗವಲ್ಲ, ಪ್ರಕೃತಿಯ ಕ್ರಮ. ಆದರೂ ಈ ಕಾಲದಲ್ಲಿ ಹಲವರು ಪಡುವ ಬವಣೆ ಅಲ್ಪವಾದುದಲ್ಲ. ಎದೆಯಿಂದ ಮುಖದವರೆಗೆ ಥಟ್ಟನೆ ಏರುವ ಬಿಸಿ, ಮೈಯೆಲ್ಲ ಬೆವರು, ಬೆನ್ನಲ್ಲೇ ಚಳಿ, ರಾತ್ರಿ ನಿದ್ರಾಭಂಗ. ಇವು ಏಳೆಂಟು ವರ್ಷ ಕಾಡುವುದೂ ಉಂಟು. ಯಾರಲ್ಲಿಯೂ ಹೇಳಿಕೊಳ್ಳದೆ ಸಹಿಸುವವರು ಎಷ್ಟೋ ಮಂದಿ.

ಈ ಬಿಸಿ ಎಲ್ಲಿಂದ ಬರುತ್ತದೆ? ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಎಂಬ ಭಾಗವಿದೆ. ವಿದ್ಯುತ್ ಇಸ್ತ್ರಿಪೆಟ್ಟಿಗೆಯಲ್ಲಿ ಥರ್ಮೊಸ್ಟಾಟ್ ಮಾಡುವ ಕೆಲಸವನ್ನೇ ಅದು ದೇಹದಲ್ಲಿ ಮಾಡುತ್ತದೆ. ಒಳಗಿನ ಉಷ್ಣತೆ ಮೇಲಿನ ಮಿತಿಯನ್ನು ದಾಟಿದರೆ ಬೆವರು; ಕೆಳಗಿನ ಮಿತಿಗಿಂತ ಇಳಿದರೆ ನಡುಕ. ಇವೆರಡರ ನಡುವೆ ನೆಮ್ಮದಿಯ ಅಂತರವೊಂದುಂಟು. ಅಂಡಾಶಯಗಳಿಂದ ಬರುವ ಈಸ್ಟ್ರೊಜೆನ್ ಎಂಬ ಹಾರ್ಮೋನು ಕುಗ್ಗಿದಾಗ, ಅಲ್ಲಿಯ ಕೆಲವು ನರಕೋಶಗಳು ಕೆರಳಿ ಆ ಅಂತರವು ಬಹಳ ಕಿರಿದಾಗುತ್ತದೆ. ಆಗ ಒಂದು ಲೋಟ ಬಿಸಿ ಕಾಫಿಯೂ ಸಾಕು. ದೇಹವು ಅತಿಯಾಗಿ ಕಾದಿದೆಯೆಂದು ಭ್ರಮಿಸಿ, ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸುತ್ತದೆ.

ಕುಗ್ಗಿದ ಹಾರ್ಮೋನನ್ನು ಹೊರಗಿನಿಂದ ಕೊಟ್ಟರೆ ಹೇಗೆ? ಗಬ್ಬವಾದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೊಜೆನ್ನಿನ ಗುಳಿಗೆಯು ಪ್ರೆಮರಿನ್ ಎಂಬ ಹೆಸರಿನಿಂದ ಅಮೆರಿಕದಲ್ಲಿ ೧೯೪೨ರಲ್ಲಿ ಬಳಕೆಗೆ ಬಂದಿತು. ಗುಣವೂ ಕಂಡಿತು. ಆದರೆ ಅದನ್ನು ಒಂಟಿಯಾಗಿ ಸೇವಿಸಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚೆಂದು ೧೯೭೫ರಲ್ಲಿ ಎರಡು ಅಧ್ಯಯನಗಳು ತೋರಿಸಿದವು. ಕಾರಣ ಸ್ಪಷ್ಟ. ಈಸ್ಟ್ರೊಜೆನ್ ಆ ಪದರಕ್ಕೆ ‘ಬೆಳೆ’ ಎನ್ನುತ್ತದೆ. ‘ಸಾಕು, ನಿಲ್ಲು’ ಎನ್ನುವುದು ಪ್ರೊಜೆಸ್ಟರಾನ್. ಪ್ರಕೃತಿಯಲ್ಲಿ ಇವೆರಡೂ ತಿಂಗಳು ತಿಂಗಳೂ ಸರದಿಯಲ್ಲಿ ದುಡಿಯುತ್ತಿದ್ದವು. ಆದುದರಿಂದ ಗರ್ಭಕೋಶವುಳ್ಳವರಿಗೆ ಪ್ರೊಜೆಸ್ಟರಾನ್ ಅಥವಾ ಅದರಂಥ ದ್ರವ್ಯವನ್ನು ಜೊತೆಗೂಡಿಸಿ ಕೊಡುವ ಪದ್ಧತಿ ಬಂದಿತು. ಇದೇ ಜೋಡಿ ಹಾರ್ಮೋನು ಚಿಕಿತ್ಸೆ. ಬಿಸಿಯೇರುವ ಸರದಿಗಳನ್ನು ಇದು ಸುಮಾರು ಮುಕ್ಕಾಲು ಪಾಲು ತಗ್ಗಿಸುತ್ತದೆ.

ಆದರೆ ೨೦೦೨ರ ಜುಲೈ ತಿಂಗಳಲ್ಲಿ ಅಮೆರಿಕದಿಂದ ಬಂದ ಸುದ್ದಿ ಲೋಕವನ್ನೇ ಬೆಚ್ಚಿಬೀಳಿಸಿತು. ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಎಂಬ ಯೋಜನೆಯಲ್ಲಿ ೧೬,೬೦೮ ಮಹಿಳೆಯರ ಮೇಲೆ ನಡೆಯುತ್ತಿದ್ದ ಜೋಡಿ ಹಾರ್ಮೋನಿನ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್ ಶೇಕಡ ೨೬ರಷ್ಟು ಹೆಚ್ಚಿದ್ದಿತು. ಅಸಂಖ್ಯಾತ ಮಹಿಳೆಯರು ಭಯದಿಂದ ಗುಳಿಗೆಗಳನ್ನು ಬಿಟ್ಟರು. ವೈದ್ಯರೂ ಬರೆದುಕೊಡಲು ಹಿಂಜರಿದರು.

ವಾಚಕರು ಇಲ್ಲಿ ಒಂದು ಪ್ರಶ್ನೆ ಕೇಳಬೇಕು: ಯಾವುದರ ಶೇಕಡ ೨೬? ಭೌತವಿಜ್ಞಾನದ ತರಗತಿಯಲ್ಲಿ ಮೂಲಮಾನವನ್ನು ಹೇಳದೆ ಬರಿಯ ಅನುಪಾತವನ್ನು ಬರೆದರೆ ಉತ್ತರ ಅಪೂರ್ಣವೆನ್ನುತ್ತೇವೆ. ಹುಸಿ ಗುಳಿಗೆ ನುಂಗಿದ ೧೦,೦೦೦ ಮಹಿಳೆಯರಲ್ಲಿ ವರ್ಷಕ್ಕೆ ೩೦ ಮಂದಿಗೆ ಸ್ತನ ಕ್ಯಾನ್ಸರ್ ತಗುಲಿದರೆ, ಹಾರ್ಮೋನು ಪಡೆದ ಅಷ್ಟೇ ಮಂದಿಯಲ್ಲಿ ೩೮. ಅಂದರೆ ೧೦,೦೦೦ದಲ್ಲಿ ೮ ಹೆಚ್ಚು. ಅದೇ ಲೆಕ್ಕದಲ್ಲಿ ಪಾರ್ಶ್ವವಾಯು ೮, ಶ್ವಾಸಕೋಶದಲ್ಲಿ ರಕ್ತದ ಹೆಪ್ಪು ೮, ಹೃದಯಾಘಾತ ಮೊದಲಾದವು ೭ ಹೆಚ್ಚಿದವು. ಸೊಂಟದ ಮೂಳೆ ಮುರಿತ ೫, ದೊಡ್ಡ ಕರುಳಿನ ಕ್ಯಾನ್ಸರ್ ೬ ಕಡಮೆಯಾದವು.

ಎಂಟು ಚಿಕ್ಕ ಸಂಖ್ಯೆಯೆಂದು ಕಡೆಗಣಿಸತಕ್ಕದ್ದಲ್ಲ; ಔಷಧವನ್ನು ವರ್ಷಗಟ್ಟಲೆ ಮುಂದುವರಿಸಿದರೆ ಅಪಾಯವೂ ಬೆಳೆಯುತ್ತದೆ. ಆದರೆ ಆ ಮಹಿಳೆಯರ ಸರಾಸರಿ ವಯಸ್ಸು ೬೩ ಎಂಬುದನ್ನೂ ಮರೆಯಬಾರದು. ಮುಂದೆ ಬರಬಹುದಾದ ದೀರ್ಘರೋಗಗಳನ್ನು ಹಾರ್ಮೋನು ತಡೆಯಬಲ್ಲುದೆ ಎಂಬುದೇ ಅಲ್ಲಿಯ ಪ್ರಶ್ನೆಯಾಗಿದ್ದಿತು. ಐವತ್ತರ ಆಸುಪಾಸಿನಲ್ಲಿ ಬಿಸಿಯಿಂದ ಬಳಲುವವಳ ಪ್ರಶ್ನೆಯೇ ಬೇರೆ. ಗರ್ಭಕೋಶವನ್ನು ತೆಗೆಸಿಕೊಂಡವರಿಗೆ ಈಸ್ಟ್ರೊಜೆನ್ ಮಾತ್ರ ಕೊಟ್ಟ ಇನ್ನೊಂದು ಪರೀಕ್ಷೆ ೨೦೦೪ರಲ್ಲಿ ನಿಂತಿತು. ಅಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಗರ್ಭಕೋಶಕ್ಕೆ ಕಾವಲಾದ ಜೊತೆಗಾರನಿಗೂ ತನ್ನದೊಂದು ಬೆಲೆಯುಂಟೆಂದಾಯಿತು.

ಇಂದಿನ ವೈದ್ಯರ ಅಭಿಪ್ರಾಯ ಹೀಗಿದೆ: ಅರವತ್ತು ತುಂಬದವರಲ್ಲಿ, ಅಥವಾ ಋತುಬಂಧವಾಗಿ ಹತ್ತು ವರ್ಷ ಕಳೆಯದವರಲ್ಲಿ, ಬಾಧೆ ತೀವ್ರವಾಗಿದ್ದು ಬೇರೆ ಅಡ್ಡಿಯಿಲ್ಲದಿದ್ದರೆ, ಚಿಕಿತ್ಸೆಯ ಲಾಭವು ಸಾಮಾನ್ಯವಾಗಿ ಅಪಾಯಕ್ಕಿಂತ ಹೆಚ್ಚು. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಇವುಗಳಿಗೆ ತುತ್ತಾದವರಿಗೂ ಯಕೃತ್ತಿನ ರೋಗವುಳ್ಳವರಿಗೂ ಇದು ಸಲ್ಲದು. ಕಾರಣ ತಿಳಿಯದ ರಕ್ತಸ್ರಾವವಿದ್ದರೆ ಮೊದಲು ಅದರ ಪರೀಕ್ಷೆಯಾಗಬೇಕು. ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಲೇಪದಿಂದ ಈಸ್ಟ್ರೊಜೆನ್ ಮೊದಲೇ ಯಕೃತ್ತನ್ನು ಹೊಗದೆ ರಕ್ತವನ್ನು ಸೇರುವುದರಿಂದ ಹೆಪ್ಪುಗಟ್ಟುವ ಭಯ ಗುಳಿಗೆಗಿಂತ ಕಡಮೆ.

ಆದುದರಿಂದ ಬಾಧೆಯನ್ನು ನುಂಗಿಕೊಂಡಿರುವುದೂ ಬೇಡ, ನೆರೆಯವರ ಗುಳಿಗೆಯನ್ನು ತಂದು ನುಂಗುವುದೂ ಬೇಡ. ವೈದ್ಯರ ಬಳಿಗೆ ಹೋಗಿ ತನ್ನ ವಯಸ್ಸು, ಹಿಂದಿನ ಕಾಯಿಲೆ, ಮನೆತನದ ರೋಗಗಳನ್ನು ತಿಳಿಸಿ, ಅಪಾಯದ ಮಾತು ಬಂದಾಗ ಹೀಗೆ ಕೇಳಬೇಕು: “ನನ್ನಂಥ ಎಷ್ಟು ಮಂದಿಯಲ್ಲಿ, ಎಷ್ಟು ವರ್ಷದಲ್ಲಿ, ಎಷ್ಟು ಜನಕ್ಕೆ?”