ಕೊನೆಯ ಬಟ್ಟಲಿನ ರಕ್ತ

ಪ್ರಶ್ನೆ: ಕುರಿ ಕೊಯ್ದಾಗ ಕೊನೆಗೆ ಸುರಿಯುವ ರಕ್ತವೇ ಬೇಗ ಹೆಪ್ಪುಗಟ್ಟುತ್ತದಂತೆ, ಹೌದೇ?

ಉತ್ತರ: ಹೌದು. 18ನೇ ಶತಮಾನದಲ್ಲೇ ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಹ್ಯೂಸನ್ ಕುರಿಯ ರಕ್ತವನ್ನು ಬೇರೆ ಬೇರೆ ಬಟ್ಟಲುಗಳಿಗೆ ಹಿಡಿದು ಇದನ್ನು ಗಮನಿಸಿದ್ದ. ಜೀವ ಅಪಾಯಕ್ಕೆ ಸಿಕ್ಕಾಗ ಅಡ್ರಿನಲಿನ್ ಎಂಬ ಹಾರ್ಮೋನು ಉಕ್ಕುತ್ತದೆ. ಅದು ಹೆಪ್ಪುಗಟ್ಟುವಿಕೆಯನ್ನು ಚುರುಕುಗೊಳಿಸುವುದನ್ನು 1914ರಲ್ಲಿ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ಬೆಕ್ಕುಗಳಲ್ಲಿ ತೋರಿಸಿದ.

ಆದರೆ ಈ ಚುರುಕನ್ನು ನಂಬಿ ಕೂರುವಂತಿಲ್ಲ. ರಕ್ತಸ್ರಾವ ಮುಂದುವರಿದರೆ ಆಟ ತಿರುಗುತ್ತದೆ. ಹೆಪ್ಪಿನ ಎಳೆಗಳಾಗುವ ಫೈಬ್ರಿನೋಜನ್ ಕರಗುತ್ತಾ ಹೋಗುತ್ತದೆ; ಬರೀ ಸಲೈನ್ ಏರಿಸಿದರೆ ಉಳಿದದ್ದೂ ತೆಳ್ಳಗಾಗುತ್ತದೆ. ರಕ್ತ ಸೋರಿದಂತೆ ಮೈ ತಣ್ಣಗಾಗುತ್ತದೆ, ರಕ್ತ ಆಮ್ಲೀಯವಾಗುತ್ತದೆ; ಇವೆರಡೂ ಹೆಪ್ಪಿಗೆ ಅಡ್ಡಿ. ಪ್ರಯೋಗದಲ್ಲಿ ಹಂದಿಗಳ ಮೈ ಬಿಸಿಯನ್ನು 32 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದಾಗ ಹೆಪ್ಪುಗಟ್ಟುವ ಕ್ರಿಯೆ ಶುರುವಾಗುವುದೇ ತಡವಾಯಿತು. ರಕ್ತದ ಆಮ್ಲೀಯತೆ ಹೆಚ್ಚಿಸಿದಾಗ ಶುರುವಾದದ್ದು ಮುಂದೆ ಸಾಗದೆ ಸೊರಗಿತು. ಅಪಘಾತದ ಗಾಯಾಳುವಿಗೆ ವೈದ್ಯರು ರಕ್ತದ ಜೊತೆ ಫೈಬ್ರಿನೋಜನ್ ಇರುವ ಪ್ಲಾಸ್ಮಾ ಕೊಡುವುದು, ಕಂಬಳಿ ಹೊದಿಸುವುದು ಇದಕ್ಕೇ.