ಬೆಂಗಳೂರಿನ ‘ರೇವಾ’: ನಮ್ಮ ದೇಶದ ಕರೆಂಟ್ ಕಾರಿನ ಕಥೆ



ಕರೆಂಟ್ ಕಾರು ಅಂದ್ರೆ ಅಮೆರಿಕದ್ದೋ ಚೀನಾದ್ದೋ ಅಂತ ನಿಮ್ಮಲ್ಲಿ ಬಹಳ ಮಂದಿ ಅಂದುಕೊಂಡಿರಬಹುದು. ಆದರೆ 2001ರಲ್ಲೇ, ನೀವಿನ್ನೂ ಹುಟ್ಟದೇ ಇದ್ದಾಗ, ಬೆಂಗಳೂರಿನ ರಸ್ತೆಗೆ ಅಂಥದ್ದೊಂದು ಕಾರು ಇಳಿದಿತ್ತು. ಅದರ ಹೆಸರು ‘ರೇವಾ’. ಎರಡು ಬಾಗಿಲಿನ ಪುಟ್ಟ ಗಾಡಿ. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂಡಬಹುದಿತ್ತು.

ಇದರ ಹಿಂದೆ ಇದ್ದವರು ಚೇತನ್ ಮೈನಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿನ ವಿದ್ಯಾರ್ಥಿಗಳ ತಂಡದ ಜೊತೆ ಸೇರಿ ಸೌರಶಕ್ತಿಯ ಕಾರು ಕಟ್ಟಿದ್ದರು. ಆ ಕಾರು 1990ರಲ್ಲಿ ಅಮೆರಿಕದ ಸ್ಪರ್ಧೆಯಲ್ಲಿ ಗೆದ್ದಿತು. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿ ಕೂಡಿ ರೇವಾ ಕಂಪನಿ ಶುರುಮಾಡಿದವು. ಅಲ್ಲಿಂದ ಕಾರು ಮಾರಾಟಕ್ಕೆ ಬರಲು ಏಳು ವರ್ಷ ಹಿಡಿಯಿತು.

ಈ ಕಾರಿನಲ್ಲಿ ಎಂಜಿನ್ ಇಲ್ಲ, ಸೈಲೆನ್ಸರ್ ಇಲ್ಲ, ಪೆಟ್ರೋಲ್ ಟ್ಯಾಂಕ್ ಇಲ್ಲ. ಇರೋದು ಬ್ಯಾಟರಿ, ಮೋಟಾರು ಮತ್ತು ಅವೆರಡನ್ನೂ ಹಿಡಿತದಲ್ಲಿಡುವ ಕಂಟ್ರೋಲರ್. ಹತ್ತನೇ ತರಗತಿಯಲ್ಲಿ ಓದಿದ್ದು ನೆನಪಿಸಿಕೊಳ್ಳಿ: ಕಾಂತಕ್ಷೇತ್ರದಲ್ಲಿರುವ ಸುರುಳಿಗೆ ವಿದ್ಯುತ್ ಹರಿಸಿದರೆ ಅದು ತಿರುಗುತ್ತದೆ, ಅದೇ ಸುರುಳಿಯನ್ನು ನಾವೇ ತಿರುಗಿಸಿದರೆ ವಿದ್ಯುತ್ ಹುಟ್ಟುತ್ತದೆ. ಮೊದಲನೆಯದು ಮೋಟಾರು, ಎರಡನೆಯದು ಡೈನಮೋ. ರೇವಾದಲ್ಲಿ ಒಂದೇ ಯಂತ್ರ ಎರಡೂ ಕೆಲಸ ಮಾಡುತ್ತಿತ್ತು. ಕಾರಿನ ವೇಗ ತಗ್ಗಿಸುವಾಗ ಚಕ್ರವೇ ಮೋಟಾರನ್ನು ತಿರುಗಿಸಿ, ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತಿತ್ತು. ಪೆಟ್ರೋಲ್ ಕಾರಿನಲ್ಲಿ ಈ ಶಕ್ತಿಯೆಲ್ಲ ಬ್ರೇಕಿನ ಬಿಸಿಯಾಗಿ ಹೋಗಿಬಿಡುತ್ತದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ರೇವಾದಲ್ಲಿ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ್ದರು. ಒಟ್ಟು 48 ವೋಲ್ಟ್, 200 ಆಂಪಿಯರ್-ಗಂಟೆ. ಎರಡನ್ನೂ ಗುಣಿಸಿದರೆ 9600 ವ್ಯಾಟ್-ಗಂಟೆ, ಅಂದರೆ 9.6 ಯೂನಿಟ್. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಓಟ. ಮಂತ್ರಾಲಯದಿಂದ ರಾಯಚೂರಿಗೆ ಹೋಗಬಹುದಿತ್ತು, ಆದರೆ ಅಲ್ಲಿ ಚಾರ್ಜ್ ಮಾಡದೆ ಮರಳಿ ಮನೆ ಮುಟ್ಟೋದು ಕಷ್ಟ! ಪೂರ್ತಿ ಚಾರ್ಜಿಗೆ ಸುಮಾರು 8 ಗಂಟೆ ಬೇಕಿತ್ತು.

ತೊಂದರೆ ಇದ್ದದ್ದು ಸೀಸದ ಭಾರದಲ್ಲಿ. ಸೀಸ-ಆಮ್ಲ ಬ್ಯಾಟರಿಯ ಒಂದು ಕಿಲೋ ತೂಕದಲ್ಲಿ 35 ವ್ಯಾಟ್-ಗಂಟೆ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. 9600 ಭಾಗಿಸು 35, ಸುಮಾರು 274 ಕಿಲೋ! ಪುಟ್ಟ ಕಾರು ಎರಡೂವರೆ ಕ್ವಿಂಟಾಲಿಗಿಂತ ಹೆಚ್ಚು ಬ್ಯಾಟರಿಯನ್ನೇ ಹೊತ್ತು ಓಡಬೇಕು. ಲಿಥಿಯಂ-ಅಯಾನ್ ಬ್ಯಾಟರಿಯಲ್ಲಾದರೆ ಅಷ್ಟೇ ಶಕ್ತಿಗೆ ಇದರ ಮೂರನೇ ಒಂದು ಭಾಗ ತೂಕವೂ ಬೇಕಾಗದು. ಸೀಸದ ಪರಮಾಣು ರಾಶಿ 207, ಲಿಥಿಯಂನದು 7 ಅನ್ನೋದನ್ನು ಇಲ್ಲಿ ನೆನಪಿಡಿ. 2009ರಲ್ಲಿ ರೇವಾ ಕೂಡ ಲಿಥಿಯಂ ಬ್ಯಾಟರಿಯ ಕಾರು ತಂದಿತು.

ರೇವಾ ಹಡಗು ಹತ್ತಿ ಲಂಡನ್ನಿಗೂ ಹೋಯಿತು. ಅಲ್ಲಿ ಅದರ ಹೆಸರು ‘ಜಿ-ವಿಜ್’. ಲಂಡನ್ ನಗರದ ನಡುಭಾಗಕ್ಕೆ ಕಾರು ತರುವವರು ಶುಲ್ಕ ಕಟ್ಟಬೇಕು. ವಿದ್ಯುತ್ ಕಾರಿಗೆ ಆಗ ಮಾಫಿ ಇತ್ತು. ಹೀಗಾಗಿ ಅಲ್ಲಿ ಗಿರಾಕಿಗಳು ಸಿಕ್ಕರು. ಆದರೆ ಯುರೋಪಿನ ಕಾನೂನಿನಲ್ಲಿ ಅದು ‘ಕಾರು’ ಅಲ್ಲ, ಹಗುರ ನಾಲ್ಕು ಚಕ್ರದ ಬಂಡಿ. ಆದ್ದರಿಂದ ಕಾರಿಗಿರುವ ಢಿಕ್ಕಿ ಪರೀಕ್ಷೆ ಕಡ್ಡಾಯವಿರಲಿಲ್ಲ. 2007ರಲ್ಲಿ ಬ್ರಿಟನ್ನಿನ ಒಂದು ಪತ್ರಿಕೆ ಅಂಥ ಪರೀಕ್ಷೆ ಮಾಡಿಸಿದಾಗ, ಒಳಗಿರುವವರ ಸುರಕ್ಷೆ ಸಾಲದು ಅನ್ನೋದು ಬಯಲಾಯಿತು. ಹೊಗೆ ಬಿಡದಿದ್ದರಷ್ಟೇ ಸಾಲದು, ಗಾಡಿ ಜೀವವನ್ನೂ ಕಾಯಬೇಕು.

2010ರಲ್ಲಿ ಮಹೀಂದ್ರಾ ಕಂಪನಿ ರೇವಾದ ಹೆಚ್ಚಿನ ಪಾಲು ಕೊಂಡಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ‘ಇ-ಟು-ಓ’ ಬಂತು, ಓಟ 100 ಕಿ.ಮೀ. 2016ರಲ್ಲಿ ನಾಲ್ಕು ಬಾಗಿಲಿನ ‘ಇ-ಟು-ಓ ಪ್ಲಸ್’ ಮತ್ತು ‘ಇ-ವೆರಿಟೋ’ ಬಂದವು. 2023ರಲ್ಲಿ ‘ಎಕ್ಸ್‌ಯುವಿ 400’. 2024ರ ಕೊನೆಗೆ ತೋರಿಸಿದ ‘ಬಿಇ 6’ರಲ್ಲಿ ದೊಡ್ಡ ಬ್ಯಾಟರಿ 79 ಯೂನಿಟ್ಟಿನದು. ರೇವಾದ 9.6ಕ್ಕೆ ಹೋಲಿಸಿ, ಎಂಟು ಪಟ್ಟಿಗೂ ಹೆಚ್ಚು!

ಹಾಗಾದ್ರೆ ಕರೆಂಟ್ ಕಾರಿನಿಂದ ಹೊಗೆಯೇ ಇಲ್ಲವೇ? ಗಾಡಿಯ ಹಿಂದೆ ಇಲ್ಲ ನಿಜ. ಆದರೆ ಆ ವಿದ್ಯುತ್ತು ರಾಯಚೂರು ಬಳಿಯ ಶಕ್ತಿನಗರದಂಥ ಕಲ್ಲಿದ್ದಲು ಸ್ಥಾವರದಿಂದ ಬಂದಿದ್ದರೆ ಹೊಗೆ ಅಲ್ಲಿ ಏಳುತ್ತದೆ. ನಮ್ಮ ಹಳೇ ಕರ್ನೂಲು ಜಿಲ್ಲೆಯ 1000 ಮೆಗಾವ್ಯಾಟ್ ಸೋಲಾರ್ ಪಾರ್ಕಿನಂಥ ಕಡೆಯಿಂದ ಬಂದರೆ ಮಾತೇ ಬೇರೆ. ಗಾಡಿ ಎಷ್ಟು ಶುದ್ಧ ಅನ್ನೋದನ್ನು ಅದರ ಕರೆಂಟಿನ ಮೂಲ ಹೇಳುತ್ತದೆ.

ಇನ್ನೊಂದು ಮಾತು, ಗಮನವಿಟ್ಟು ಓದಿ. ಹಳೆಯ ಸೀಸದ ಬ್ಯಾಟರಿಗಳನ್ನು ಗುಜರಿಗೆ ಹಾಕಲು ಮನೆಯಲ್ಲಿ ಒಡೆಯಬೇಡಿ, ಕಾಯಿಸಬೇಡಿ. ಒಳಗಿನ ಸಲ್ಫ್ಯೂರಿಕ್ ಆಮ್ಲ ಚರ್ಮ ಸುಡುತ್ತದೆ. ಸೀಸದ ಧೂಳು ಮಕ್ಕಳ ಮೆದುಳಿಗೆ ವಿಷ. ಹೊಸ ಬ್ಯಾಟರಿ ಕೊಳ್ಳುವ ಅಂಗಡಿಗೇ ಹಳೆಯದನ್ನು ಕೊಟ್ಟುಬಿಡಲು ಮನೆಯವರಿಗೆ ಹೇಳಿ.

ಮಾಡಿ ನೋಡಿ: ನಿಮ್ಮೂರಿನ ಬ್ಯಾಟರಿ ಆಟೋದ ಅಣ್ಣನನ್ನು ಮೂರು ಪ್ರಶ್ನೆ ಕೇಳಿ. ಬ್ಯಾಟರಿ ಎಷ್ಟು ವೋಲ್ಟ್? ಎಷ್ಟು ಆಂಪಿಯರ್-ಗಂಟೆ? ಒಂದು ಚಾರ್ಜಿಗೆ ಎಷ್ಟು ಕಿ.ಮೀ.? ನಿಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿನ ದರ ನೋಡಿ, ಒಂದು ಕಿ.ಮೀ.ಗೆ ಎಷ್ಟು ಪೈಸೆ ಬೀಳುತ್ತದೆ ಲೆಕ್ಕ ಹಾಕಿ. ಉತ್ತರವನ್ನು ನಿಮ್ಮ ವಿಜ್ಞಾನ ಮೇಷ್ಟ್ರಿಗೆ ತೋರಿಸಿ.